ಅಡಿಕೆ ಸಸಿ ತರೋಕೆ ಹೋಗಿ ಅಯ್ಯನಕೆರೆ ನೋಡ್ಕೊಂಡು ಬಂದಿದ್ದು

ಇದು ಉದ್ದ ಬರಹ. ನೀರು ಕಟ್ಟೋ ಹೊತ್ತಲ್ಲಿ ಮೊಬೈಲ್ ಹಿಡ್ಕೊಂಡು ಓದೋಕೆ ಕೂತ್ಕೋಬೇಡಿ. ಆಮೇಲೆ ಬದು ಒಡೆದು ನೀರೆಲ್ಲ ಪಕ್ಕದೋರ ಹೊಲಕ್ಕೆ ಹೋಯ್ತು ಅಂತ ನನ್ನ ಬೈಬೇಡಿ.

2025ರ ಏಪ್ರಿಲ್‌ನಲ್ಲಿ ಒಂದು ದಿನ ನಾನೂ ನಮ್ಮ ಸೋದರಮಾವನೂ ಹೊಸದುರ್ಗದ ಕಡೆ ಒಂದು ನರ್ಸರಿಗೆ ಹೊರಟ್ವಿ. ಮಾವನಿಗೆ 600 ಅಡಿಕೆ ಸಸಿ ಬೇಕಿತ್ತು. ಎಕರೆಗೆ 550 ಕೂರ್ತವೆ, 50 ಸತ್ತೋದ್ರೆ ತೂತು ಮುಚ್ಚೋಕೆ. ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಿತ್ತಲ್ಲ, ಅವತ್ತಿಂದ ನಮ್ಮ ನಾಲೆ ಉದ್ದಕ್ಕೂ ಎಲ್ಲಿ ನೋಡಿದ್ರೂ ಅಡಿಕೆ ಗುಂಡಿ. ಯಾರ ಬಾಯಲ್ಲಿ ಕೇಳಿದ್ರೂ ಅದೇ ಮಾತು. ಮಾವನೂ ಅದೇ ಹುಮ್ಮಸ್ಸಲ್ಲಿ ಇದ್ರು. ನನ್ನದು ಟಾಟಾ ಏಸ್ ಇದೆ, ಅದಕ್ಕೇ ನನ್ನ ಕರ್ಕೊಂಡಿದ್ದು ಅಂತ ನನಗೂ ಗೊತ್ತು.

ಮಾವನ ಬಗ್ಗೆ ಎರಡು ಮಾತು ಹೇಳ್ಬೇಕು. ಅವರು ಇಪ್ಪತ್ತು ವರ್ಷ ನಾಲೆ ಮೇಲೆ ದಿನಗೂಲಿ ನೀರುಗಂಟಿ ಆಗಿದ್ದೋರು. ಯಾವ ತೂಬು ಎಷ್ಟು ತಿರುವಿದ್ರೆ ಎಷ್ಟು ಎಕರೆಗೆ ನೀರು ಹರಿಯುತ್ತೆ ಅನ್ನೋದು ಅವರಿಗೆ ಕಣ್ಣು ಮುಚ್ಚಿದ್ರೂ ಗೊತ್ತು. 2016ರಿಂದ 18ರ ತನಕ ಕಣಿವೆ ನೀರು ಡೆಡ್ ಸ್ಟೋರೇಜ್ ಹತ್ತಿರಕ್ಕೆ ಬಂದಿತ್ತು, ನಾಲೆಗೆ ನೀರಿಲ್ಲ. ಆ ಮೂರು ವರ್ಷದಲ್ಲಿ ಅವರ 120 ತೆಂಗಿನ ಮರ ಒಣಗಿದ್ವು. ನನ್ನವು 70. ಹಿರಿಯೂರು ಸೀಮೆಲಿ ಆಗ ತಲೆ ಇಲ್ಲದ ತೆಂಗಿನ ಕಂಬಗಳು ಸಾಲಾಗಿ ನಿಂತಿದ್ದು ನಿಮಗೆಲ್ಲ ನೆನಪಿದೆ, ನಾನೇನು ಹೇಳೋದು. ಅವತ್ತಿಂದ ಮಾವನ ಬಾಯಲ್ಲಿ ಒಂದೇ ಮಾತು: "ಮೇಲಿನೋರು ನೀರು ಕದ್ರು." ಮೇಲಿನೋರು ಅಂದ್ರೆ ಹೊಸದುರ್ಗದೋರು, ಕಡೂರಿನೋರು, ಹೊಳೆ ದಂಡೇಲಿ ಇರೋ ಎಲ್ಲರೂ.

ವಾಣಿವಿಲಾಸಪುರದ ಹತ್ತಿರ ಗಾಡಿ ನಿಲ್ಲಿಸಿ ಕಟ್ಟೆ ನೋಡಿದ್ವಿ. ಎಷ್ಟು ಸಲ ನೋಡಿದ್ರೂ ನಿಲ್ಲಿಸ್ಬೇಕು ಅನ್ಸುತ್ತೆ. ಎರಡು ಗುಡ್ಡದ ಮಧ್ಯೆ ಒಂದು ಸಂದಿ, ಆ ಸಂದಿಗೆ ಕಲ್ಲಿನ ಗೋಡೆ. ಸಂದೀಲಿ ಕಣಿವೆ ಮಾರಮ್ಮನ ಗುಡಿ, ಅದಕ್ಕೇ ಮಾರಿಕಣಿವೆ. ವಾಣಿವಿಲಾಸ ಅನ್ನೋದು ಆಗ ರಾಜ್ಯಭಾರ ಮಾಡ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಬಂದ ಹೆಸರು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರಾಗಿದ್ದ ಕಾಲ ಅದು. 1898ರಲ್ಲಿ ಕೆಲಸ ಶುರು ಆಗಿ 1907ರಲ್ಲಿ ಮುಗೀತು. ದಿವಾನ್ ಶೇಷಾದ್ರಿ ಅಯ್ಯರ್ ಇದಕ್ಕೆ ಪಟ್ಟು ಹಿಡಿದು ನಿಂತೋರು, ಆದ್ರೆ ಮುಗಿದಿದ್ದನ್ನ ನೋಡಲಿಲ್ಲ, 1901ರಲ್ಲೇ ತೀರಿಕೊಂಡ್ರು. ಕೆಆರ್‌ಎಸ್‌ಗೆ ಕಲ್ಲು ಬೀಳೋದಕ್ಕೆ ಮುಂಚೆಯೇ ನಮ್ಮ ಕಟ್ಟೆ ನೀರು ಹಿಡೀತಿತ್ತು. ಮಂಡ್ಯದ ನೆಂಟರು ಬಂದಾಗ ನಾನು ಇದನ್ನ ಹೇಳದೆ ಬಿಡೋದಿಲ್ಲ.

ಯಾಕೆ ಕಟ್ಟಿದ್ರು ಅನ್ನೋದನ್ನ ತಿಳಿಬೇಕು ಅಂದ್ರೆ 1876-78ರ ಬರಕ್ಕೆ ಹೋಗ್ಬೇಕು. ಹಳಬರು ಧಾತು ಈಶ್ವರ ಬರ ಅಂತಿದ್ರಲ್ಲ, ಅದೇ. ಮೈಸೂರು ಸಂಸ್ಥಾನದ ಜನದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು, ಅಂದ್ರೆ ಹತ್ತು ಲಕ್ಷದಷ್ಟು ಜನ, ಹಸಿವಿಗೂ ಕಾಯಿಲೆಗೂ ಹೋದ್ರು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ಆ ಬರದ ಸಾಲವೂ ಜೊತೆಗೇ ಬಂತು. ಇನ್ನೊಂದು ಸಲ ಹಂಗಾಗಬಾರದು ಅನ್ನೋ ಭಯದಲ್ಲಿ ರೈಲು ದಾರಿ, ನಾಲೆ, ಕೆರೆ ಅಂತ ಕೆಲಸ ಶುರು ಆದ್ವು. ಅದರಲ್ಲಿ ದೊಡ್ಡದು ಇದು.

ಅಲ್ಲೊಂದು ಲೆಕ್ಕ ಇದೆ, ಅದನ್ನ ನಾವು ಸರಿಯಾಗಿ ಓದಿಲ್ಲ ಅಂತ ನನಗೆ ಈಗ ಅನ್ಸುತ್ತೆ. ಕಟ್ಟೆಯ ಹೊಟ್ಟೆ ಸುಮಾರು 30 ಟಿಎಂಸಿ. ತುಂಬಿದ ಮಟ್ಟ 130 ಅಡಿ. ಇಷ್ಟು ದೊಡ್ಡ ಹೊಟ್ಟೆಗೆ ಅಚ್ಚುಕಟ್ಟು ಮಾತ್ರ ಇಪ್ಪತ್ತೈದು ಸಾವಿರ ಎಕರೆಯಷ್ಟು. ತುಂಗಭದ್ರಾ ಅಚ್ಚುಕಟ್ಟಿನೋರು ಇದನ್ನ ಕೇಳಿದ್ರೆ ನಗ್ತಾರೆ. ಆದ್ರೆ ಇದು ಪ್ರತಿ ವರ್ಷ ತುಂಬಿ ಪ್ರತಿ ವರ್ಷ ಖಾಲಿ ಆಗೋ ಕಟ್ಟೆ ಅಲ್ಲ. ಒಂದು ಒಳ್ಳೆ ವರ್ಷ ಬಂದ್ರೆ ಅದನ್ನ ಹಿಡಿದಿಟ್ಟು ಮುಂದಿನ ಕೆಟ್ಟ ವರ್ಷಗಳಿಗೆ ಸ್ವಲ್ಪ ಸ್ವಲ್ಪ ಕೊಡೋ ಕಣಜ. ನಮ್ಮ ಅಜ್ಜಂದಿರು ಹಗೇವು ತುಂಬಿಸಿ ಇಡ್ತಿದ್ರಲ್ಲ, ಹಂಗೆ. ಹಗೇವು ತುಂಬಿದೆ ಅಂತ ಊರಿಗೆಲ್ಲ ಊಟ ಹಾಕ್ತಿರಲಿಲ್ಲ.

ಕಟ್ಟೆ ಮುಗಿದ ಮೇಲೆ ಮೊದಲ ಸಲ ಕೋಡಿ ಬೀಳೋಕೆ 26 ವರ್ಷ ಬೇಕಾಯ್ತು, 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರ್. ಮಧ್ಯೆ 89 ವರ್ಷ. ಮಾವನ ಅಪ್ಪ ಹುಟ್ಟಿ, ದುಡಿದು, ಸತ್ತಿದ್ದು ಎಲ್ಲ ಆ 89ರ ಒಳಗೇ. ಕೋಡಿ ಅನ್ನೋದು ಅವರಿಗೆ ಒಂದು ಕಥೆ ಅಷ್ಟೆ. ನೂರು ಅಡಿ ಮುಟ್ಟಿದ್ರೆ ಹಬ್ಬ ಮಾಡ್ತಿದ್ರು.

ಮುಂದೆ ಹಿನ್ನೀರಿನ ಪಕ್ಕದ ಒಂದು ಊರಲ್ಲಿ ಟೀ ಕುಡಿದ್ವಿ. ಮಾವ ಸುಮ್ನಿರ್ತಾರಾ, "ಏನಪ್ಪ, ಕಣಿವೆ ತುಂಬೈತಲ್ಲ, ನಿಮಗೂ ಖುಷಿನಾ" ಅಂತ ಕೇಳಿದ್ರು. ಟೀ ಅಂಗಡಿಯಾತ ಲೋಟ ತೊಳೀತಾ ಅಂದ: "ನಿಮಗೆ ಕೋಡಿ ಬಿದ್ರೆ ಬಾಗಿನ, ನಮಗೆ ಮುಳುಗಡೆ ಸ್ವಾಮಿ. ನಮ್ಮಣ್ಣನ ತೋಟ ಇನ್ನೂ ನೀರಾಗೇ ಐತೆ. ಕೋಡಿ ಒಂದೆರಡು ಅಡಿ ತಗ್ಗಿಸ್ರಿ ಅಂತ ಕೇಳಿದ್ರೆ ಹಿರಿಯೂರೋರು ಹೊಡಿಯೋಕೇ ಬರ್ತಾರೆ." ಮಾವ ದುಡ್ಡು ಕೊಟ್ಟು ಗಾಡಿ ಹತ್ತಿದ್ರು. ಮಾತಾಡ್ಲಿಲ್ಲ. ಕೋಡಿ ತಗ್ಗಿಸಬಾರದು ಅಂತ ನಡೆದ ಸಭೆಗೆ ನಾವಿಬ್ಬರೂ ಹೋಗಿದ್ವಿ, ಘೋಷಣೆನೂ ಕೂಗಿದ್ವಿ.

ನರ್ಸರಿಗೆ ಹೋದ್ರೆ ಮಾಲೀಕರಿಲ್ಲ, ಮದುವೆಗೆ ಹೋಗಿದಾರೆ, ಸಂಜೆ ಆರಕ್ಕೆ ಬರ್ತಾರೆ ಅಂತ ಕೆಲಸದ ಹುಡುಗ ಹೇಳಿದ. ಆಗಿನ್ನೂ ಹತ್ತು ಗಂಟೆ ಆಗಿಲ್ಲ. ಬಿಸಿಲು ಆಗಲೇ ಸುಡ್ತಿತ್ತು. ವಾಪಸ್ ಹೋದ್ರೆ ಡೀಸೆಲ್ ದಂಡ. ಸುಮ್ನೆ ಕೆಲ್ಲೋಡು ಹತ್ತಿರ ಹೊಳೆ ಕಡೆ ಹೋಗಿ ನೆರಳಲ್ಲಿ ಗಾಡಿ ನಿಲ್ಲಿಸಿದ್ವಿ. ವೇದಾವತಿ ಅಲ್ಲಿ ಹೊಳೆ ಅಂತ ಕರೆಯೋಕೂ ಆಗದ ಹಾಗೆ ಮಲಗಿದ್ಲು. ಅಲ್ಲಲ್ಲಿ ಗುಂಡಿ ನೀರು, ಜಾಲಿ, ಮಧ್ಯೆ ಕುರಿ ಕಾಯೋ ಹುಡುಗ. ಮಾವ ಸ್ವಲ್ಪ ಹೊತ್ತು ನೋಡಿ, "ಲೇ ಅಳಿಯ, ಸಂಜೆಗಂಟ ಇಲ್ಲೇನ್ ಮಾಡಾಣ? ಇದರ ತಲೆ ಎಲ್ಲೈತೆ ನೋಡ್ಕಂಡ್ ಬರಾಣ ನಡಿ. ಯಾರು ನೀರು ಹಿಡ್ಕಂಡ್ ಕುಂತವ್ರೆ, ಒಂದ್ಸಲ ಕಣ್ಣಾರೆ ನೋಡೇ ಬಿಡಾಣ" ಅಂದ್ರು.

ಜೇಬಲ್ಲಿ ಸಸಿ ದುಡ್ಡಿತ್ತು, ಟ್ಯಾಂಕಲ್ಲಿ ಅರ್ಧ ಡೀಸೆಲ್ ಇತ್ತು. ಹೊರಟ್ವಿ.

ಅಜ್ಜಂಪುರದ ದಾರಿ ಹಿಡಿದ ಮೇಲೆ ನಾನು ಒಂದು ಆಟ ಶುರು ಮಾಡಿದೆ. ರಸ್ತೆಯಿಂದ ಕಾಣೋ ಕೆರೆ ಎಣಿಸೋದು. ಸಣ್ಣವು, ದೊಡ್ಡವು, ಒಣಗಿದ್ದು, ಅರ್ಧ ತುಂಬಿದ್ದು, ಏರಿ ಮೇಲೆ ಹುಣಸೆಮರ ಇದ್ದದ್ದು, ಜಾಲಿ ತುಂಬಿದ್ದು. ಇಪ್ಪತ್ತು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಮಾವ ಮಾತ್ರ ಪ್ರತಿ ಕೆರೆಗೂ ಕತ್ತು ಚಾಚಿ ಕೋಡಿ ಎಲ್ಲಿದೆ, ಕೋಡಿ ನೀರು ಯಾವ ಕಡೆ ಹೋಗುತ್ತೆ ನೋಡ್ತಿದ್ರು. ನೀರುಗಂಟಿ ಕಣ್ಣು ಅದು. "ನೋಡು, ಇದರ ಕೋಡಿ ಬಿದ್ರೆ ಆ ತಗ್ಗಿನ ಕೆರೆಗೆ ಹೋಗ್ಬೇಕು. ಅದು ತುಂಬಿದ್ರೆ ಇನ್ನೊಂದಕ್ಕೆ. ಎಲ್ಲಾ ತುಂಬಿ ಮಿಕ್ಕಿದ್ದು ಹೊಳೆಗೆ." ಹೇಳಿದ ಮೇಲೆ ಅವರೇ ಒಂದು ನಿಮಿಷ ಸುಮ್ನಾದ್ರು.

ಅವರು ಹೇಳಿದ್ದೇ ವಿಷಯದ ಗಂಟು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ (ಬೆಂಗಳೂರಲ್ಲಿ ಸ್ಯಾಂಕಿ ಕೆರೆ ಇದೆಯಲ್ಲ, ಅದೇ ಸ್ಯಾಂಕಿ) ಈ ರಾಜ್ಯದ ಕೆರೆಗಳನ್ನ ನೋಡಿ ಬೆರಗಾಗಿ ಬರೆದಿದಾನೆ. ರಾಜ್ಯದ ನೆಲದಲ್ಲಿ ಹತ್ತಿರ ಹತ್ತಿರ ನೂರಕ್ಕೆ 60 ಪಾಲು ಕೆರೆಗಳ ಜಾಲದೊಳಗೆ ಬಂದುಬಿಟ್ಟಿದೆ, ಇನ್ನು ಹೊಸ ಕೆರೆಗೆ ಜಾಗ ಹುಡುಕೋಕೆ ಬುದ್ಧಿ ಖರ್ಚು ಮಾಡ್ಬೇಕು ಅನ್ನೋ ಅರ್ಥದ ಮಾತು ಅದು. ಆಗಿನ ಮೈಸೂರು ರಾಜ್ಯದ ಕೆರೆಗಳ ಲೆಕ್ಕ 38,000ದ ಆಸುಪಾಸು. ಇದೆಲ್ಲ ಮಾರಿಕಣಿವೆಗೆ ಮೊದಲ ಕಲ್ಲು ಇಡೋದಕ್ಕೆ ಮೂವತ್ತು ವರ್ಷ ಮುಂಚಿನ ಮಾತು. ಅಂದ್ರೆ ನಮ್ಮ ಕಟ್ಟೆ ಖಾಲಿ ಹೊಳೆಗೆ ಕಟ್ಟಿದ್ದಲ್ಲ. ಮೇಲೆ ಆಗಲೇ ನೂರಾರು ಕೆರೆಗಳು ಬಾಯಿ ತೆರ್ಕೊಂಡು ಕೂತಿದ್ದ ಹೊಳೆಗೆ ಕೊನೆಗೆ ಬಂದು ಸೇರಿದ ದೊಡ್ಡ ಹೊಟ್ಟೆಯ ನೆಂಟ.

ಕಣಿವೆಗೆ ನೀರು ಕೊಡೋ ಜಲಾನಯನ ಪ್ರದೇಶ 5,374 ಚದರ ಕಿಲೋಮೀಟರ್. ಕೇಳೋಕೆ ಭಾರಿ. ಆದ್ರೆ ಅದರಲ್ಲಿ ಬಹುಪಾಲು ನಮ್ಮ ಹಾಗೇ ಬಯಲುಸೀಮೆ. ಸಾಧಾರಣ ಮಳೆ ಬಿದ್ದ ವರ್ಷ ಆ ಕೆರೆಗಳೇ ತಮ್ಮ ತಮ್ಮ ಪಾಲು ಕುಡಿದು ಮುಗಿಸ್ತವೆ. ಅತಿ ಮಳೆ ಬಿದ್ದು ಎಲ್ಲ ಕೆರೆ ಕೋಡಿ ಬಿದ್ದಾಗ ಮಾತ್ರ ಹೊಳೆ ಹೊಳೆಯಾಗಿ ಹರಿದು ನಮ್ಮ ತನಕ ಬರುತ್ತೆ. 1933 ಅಂಥ ವರ್ಷ. 2022ನೂ ಅಂಥ ವರ್ಷವೇ, ಆದ್ರೆ ಅದಕ್ಕೆ ಇನ್ನೊಂದು ಕೈ ಸೇರಿತ್ತು. ಅದು ಅಜ್ಜಂಪುರದ ಸುರಂಗ.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ನೀರನ್ನ ಮೋಟಾರ್ ಹಚ್ಚಿ ಎತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ಹಾಯಿಸಿ, ವೇದಾವತಿಗೆ ಬಿಡ್ತಾರೆ. 2019ರಿಂದ ನಮ್ಮ ಕಣಿವೆಗೆ ಆ ನೀರು ಬರ್ತಿದೆ. ನಮ್ಮೂರಲ್ಲಿ ಎಷ್ಟೋ ಜನ 2022ರ ಕೋಡಿಗೆ ಬರೀ ಮಳೆ ಕಾರಣ ಅಂತಾರೆ, ಇನ್ನು ಕೆಲವರು ಬರೀ ಭದ್ರಾ ಅಂತಾರೆ. ಎರಡೂ ಸೇರಿ ಆಗಿದ್ದು. ಮೂರು ವರ್ಷ ಭದ್ರಾ ನೀರು ಬಂದು ತಳ ತುಂಬಿತ್ತು, ಅದರ ಮೇಲೆ ದೊಡ್ಡ ಮಳೆ ಬಿತ್ತು. ಆದ್ರೆ ಒಂದು ಗಮನಿಸಿ. ಭದ್ರಾ ನೀರು ಬರೋದು ಕರೆಂಟ್ ಇದ್ದಾಗ, ಭದ್ರೇಲಿ ನೀರಿದ್ದಾಗ, ಭದ್ರಾ ಅಚ್ಚುಕಟ್ಟಿನ ದಾವಣಗೆರೆ ಕಡೆ ರೈತರು ತಕರಾರು ಮಾಡದೆ ಇದ್ದಾಗ. ಅವರಿಗೆ ನಾವು ಈಗ 'ಕೆಳಗಿನೋರು'. ಇದನ್ನ ನಾನು ಗಾಡಿ ಓಡಿಸ್ತಾ ಹೇಳಿದೆ. ಮಾವ "ಹೂಂ" ಅಂದ್ರು ಅಷ್ಟೆ.

ಬೀರೂರು, ಕಡೂರು ದಾಟಿದ್ವಿ. ಕಡೂರಿನ ಹತ್ತಿರ ವೇದಾ, ಅವತಿ ಅಂತ ಎರಡು ಹಳ್ಳ ಕೂಡಿ ವೇದಾವತಿ ಆಗೋದು. ಎರಡೂ ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ಮಗ್ಗಲಿಂದ ಇಳಿದು ಬರ್ತವೆ. ಅವತಿ ಮದಗದಕೆರೆಗೆ ಹೋಗುತ್ತೆ. ಮದಗದ ಕೆರೆಗೆ ಮಳೆ ಬಂದ ಜನಪದ ಹಾಡು ಇದೆಯಲ್ಲ, ಶಾಲೇಲಿ ಎಲ್ಲರೂ ಹಾಡಿರ್ತೀವಿ, ಅದು ಈ ಕೆರೆದೇ ಅಂತ ಕಡೂರಿನೋರು, ಅಲ್ಲ ನಮ್ಮದು ಅಂತ ಹಾವೇರಿ ಜಿಲ್ಲೆ ಮಾಸೂರಿನ ಕಡೆಯೋರು. ಆ ಜಗಳಕ್ಕೆ ನಾನು ಹೋಗೋದಿಲ್ಲ. ಇನ್ನೊಂದು ಹಳ್ಳಕ್ಕೆ ಮೇಲೆ ಗೌರಿಹಳ್ಳ ಅಂತ ಹೆಸರು. ಅದು ಮುಳ್ಳಯ್ಯನಗಿರಿ ಮಗ್ಗಲಲ್ಲಿ ಹುಟ್ಟಿ, ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಆಗಿ, ಅಲ್ಲಿಂದ ಮುಂದೆ ವೇದಾ. ಮಾವ ತಲೆ ನೋಡ್ಬೇಕು ಅಂದಿದ್ದು ಇದಕ್ಕೇ.

ಸಖರಾಯಪಟ್ಟಣದಿಂದ ಒಳದಾರಿ. ಎರಡೂ ಕಡೆ ತೆಂಗು, ಅಡಿಕೆ, ನಡುವೆ ಸಣ್ಣ ಕಾಲುವೆ, ಕಾಲುವೇಲಿ ಏಪ್ರಿಲ್ ತಿಂಗಳಲ್ಲಿ ಹರಿಯೋ ನೀರು. ಮಾವ ಕಿಟಕಿ ಆಚೆ ಕೈ ಹಾಕಿ ಗಾಡಿ ನಿಲ್ಲಿಸೋಕೆ ಹೇಳಿದ್ರು. ಇಳಿದು ಕಾಲುವೆಯಲ್ಲಿ ಕೈ ಅದ್ದಿ ಮುಖ ತೊಳ್ಕೊಂಡ್ರು. "ತಣ್ಣಗೈತೆ" ಅಂದ್ರು. ಆಮೇಲೆ ಪಕ್ಕದ ತೋಟದ ತೆಂಗಿನ ಗೊನೆ ನೋಡ್ತಾ ತುಂಬ ಹೊತ್ತು ನಿಂತ್ರು.

ಏರಿ ಹತ್ತಿದ ಮೇಲೆ ಕೆರೆ ಕಂಡಿತು. ಫೋಟೋ ಹಾಕಿದೀನಿ, ಆದ್ರೆ ಫೋಟೋಲಿ ಬರೋದಿಲ್ಲ ಅದು. ಮುಂದೆ ನೀರು, ಮಗ್ಗಲಲ್ಲಿ ಗೋಪುರದ ಹಾಗೆ ಚೂಪಾಗಿ ಎದ್ದ ಶಕುನಗಿರಿ, ಅದರಾಚೆ ಗಿರಿಸಾಲು ನೀಲಿಯಾಗಿ. ಕಟ್ಟೆಯ ಹತ್ತಿರ ಬಲ್ಲಾಳೇಶ್ವರನ ಗುಡಿ. ಸಖರಾಯಪಟ್ಟಣ ಆಳ್ತಿದ್ದ ರುಕ್ಮಾಂಗದ ರಾಯ ಈ ಕೆರೆ ಕಟ್ಟಿಸಿದ ಅನ್ನೋದು ಊರಿನ ನಂಬಿಕೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರ ಆಯ್ತು ಅಂತ ಹೇಳ್ತಾರೆ. ಆಗಲೇ ರಿಪೇರಿಗೆ ಬಂದಿತ್ತು ಅಂದ್ರೆ ಕಟ್ಟಿದ್ದು ಇನ್ನೂ ಎಷ್ಟು ಹಿಂದೆ! ಅದನ್ನ ಬಿಟ್ಟು ಬರೀ ರಿಪೇರಿಯಿಂದ ಲೆಕ್ಕ ಹಾಕಿದ್ರೂ ನಮ್ಮ ಕಣಿವೆಗಿಂತ ಏಳುನೂರ ಐವತ್ತು ವರ್ಷ ಹಿರಿದು.

ಏರಿ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದ್ವಿ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಪಕ್ಕದಲ್ಲಿ ದನ ಮೇಯಿಸ್ತಿದ್ದ ಒಬ್ಬ ಹಿರಿಯರು ಬಂದು ಕೂತ್ರು. ಎಲ್ಲಿಂದ ಬಂದಿದ್ದು ಅಂದ್ರು. ಹಿರಿಯೂರು ಅಂದ್ವಿ. "ಓ, ಮಾರಿಕಣಿವೆಯೋರು. ನಮ್ಮ ಕೋಡಿ ನೀರು ಕುಡಿಯೋರು" ಅಂತ ನಕ್ಕರು. ಆಮೇಲೆ ಕೆರೆ ಕಥೆ ಹೇಳಿದ್ರು.

ಒಂದು ರಾತ್ರಿ ಮಳೆ ಅಂದ್ರೆ ಮಳೆ. ಕೆರೆ ಇನ್ನೇನು ಒಡೆಯುತ್ತೆ ಅನ್ನೋ ಹೊತ್ತು. ಏರಿ ಕಾಯ್ತಿದ್ದ ನೀರುಗಂಟಿ ಮುಂದೆ ಕೆರೆಯಮ್ಮ ಪ್ರತ್ಯಕ್ಷ ಆಗಿ, ನಾನು ಹೊರಟೆ ಕಣಪ್ಪ ಅಂದ್ಲಂತೆ. ನೀರುಗಂಟಿ ಕಾಲಿಗೆ ಬಿದ್ದು, ತಾಯೀ, ದೊರೆಗೊಂದು ಮಾತು ಹೇಳಿ ಬರ್ತೀನಿ, ನಾನು ವಾಪಸ್ ಬರೋಗಂಟ ನಿಂತಿರು, ಮಾತು ಕೊಡು ಅಂದ. ಕೊಟ್ಲು. ಓಡಿ ಹೋಗಿ ದೊರೆಗೆ ಹೇಳಿದ. ದೊರೆ ಯೋಚನೆ ಮಾಡಿದ: ಇವನು ವಾಪಸ್ ಹೋಗದೇ ಇದ್ರೆ ಅವಳು ಯಾವತ್ತೂ ಹೊರಡೋ ಹಾಗಿಲ್ಲ. ಅಲ್ಲೇ ನೀರುಗಂಟಿಯ ತಲೆ ತೆಗೆಸಿದ. ಅವಳು ಇನ್ನೂ ಕಾಯ್ತಿದಾಳೆ, ಅದಕ್ಕೇ ಕೆರೆ ಒಡೆದಿಲ್ಲ.

ಈ ಥರದ ಕಥೆ ಬೇರೆ ಕೆರೆಗಳ ಮೇಲೂ ಇದೆ, ನಾನೇ ಎರಡು ಮೂರು ಕಡೆ ಕೇಳಿದೀನಿ. ಹಂಗಾಗಿ ನಡೆದಿದ್ದು ಅಂತ ನಾನು ಹೇಳೋದಿಲ್ಲ. ಆದ್ರೆ ಮಾವ ರೊಟ್ಟಿ ಕೈಯಲ್ಲೇ ಹಿಡ್ಕೊಂಡು ಕೇಳ್ತಿದ್ದೋರು, ಮುಗಿದ ಮೇಲೆ ಅಂದ್ರು: "ಅವನ ಕೂಲಿ ಬಾಕಿ ಇತ್ತೇನೋ, ಅದಕ್ಕೇ ದೊರೆ ಹಂಗ್ ಮಾಡಿದಾನೆ." ಹಿರಿಯರು ಹೊಟ್ಟೆ ಹಿಡ್ಕೊಂಡು ನಕ್ಕರು. ಮಾವ ನಗಲಿಲ್ಲ. ದಿನಗೂಲಿ ಬಾಕಿಗೆ ಎಷ್ಟು ತಿಂಗಳು ಓಡಾಡಿದ್ರು ಅನ್ನೋದು ನಮ್ಮ ಮನೇಲಿ ಎಲ್ಲರಿಗೂ ಗೊತ್ತು.

ಹಿಂದಿನ ಕಾಲದ ನೀರುಗಂಟಿಗೆ ಕೂಲಿ ಇರಲಿಲ್ಲ, ಆಯ ಇತ್ತು. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗೀಲಿ ಕಣಕ್ಕೆ ಬಂದು ನಿಂತ್ರೆ ಪ್ರತಿ ರೈತನೂ ಇಷ್ಟು ಮೊರ ಅಂತ ಅಳೆದು ಕೊಡ್ಬೇಕು. ಬೆಳೆ ಚೆನ್ನಾಗಿ ಬಂದ್ರೆ ಅವನಿಗೂ ಜಾಸ್ತಿ, ನೀರು ಸರಿಯಾಗಿ ಹಂಚದೆ ಬೆಳೆ ಒಣಗಿಸಿದ್ರೆ ಅವನ ಹೊಟ್ಟೆಗೂ ಕಲ್ಲು. ಕೆರೆಗೂ ಹಂಗೇ ವ್ಯವಸ್ಥೆ ಇತ್ತು. ಹಳೇ ಶಾಸನಗಳಲ್ಲಿ 'ಬಿತ್ತುವಟ್ಟ' ಅಂತ ಬರುತ್ತೆ, ಕೆರೆ ನೋಡ್ಕೊಳ್ಳೋಕೆ ಅಂತ ತೆಗೆದಿಟ್ಟ ಪಾಲು. 'ಕಟ್ಟುಗೊಡಗೆ' ಅಂತ ಬರುತ್ತೆ, ಕೆರೆ ಕಟ್ಟಿದೋರಿಗೆ, ಒಡೆದ ಏರಿ ರಿಪೇರಿ ಮಾಡಿದೋರಿಗೆ ಕೊಟ್ಟ ಜಮೀನು. ಹೂಳು ತೆಗೆಯೋಕೆ ಕೆರೆಬಂಡಿ ಅಂತ ಬೇರೆ ಗಾಡಿಗಳನ್ನೇ ಇಡ್ತಿದ್ರು, ಆ ಎತ್ತಿಗೆ, ಆಳಿಗೆ ಖರ್ಚು ಬೇರೆ. ಎಂಟುನೂರು ವರ್ಷ ಕೆರೆ ಉಳಿದಿದ್ದು ಅದರಿಂದ. ನೀರುಗಂಟಿಯ ತಲೆಯಿಂದ ಅಲ್ಲ.

ಊಟ ಆದ ಮೇಲೆ ನಾನೇ ಕೆದಕಿದೆ. "ಮಾವ, ನೋಡಿದ್ರಲ್ಲ ತಲೆ. ಈಗ ಹೇಳಿ, ಕದ್ದೋರು ಯಾರು?"

"ಈ ಕೆರೆಯೋರು ಕದ್ದಿಲ್ಲ ಬಿಡು. ಇವರು ನಮ್ಗಿಂತ ಮುಂಚೆಯೋರು" ಅಂದ್ರು. ಒಂದು ಕ್ಷಣ ಬಿಟ್ಟು, "ಆದ್ರೆ ನನ್ನ ಮರ ಸತ್ತಿದ್ದಂತೂ ನಿಜ ಅಲ್ಲೇನೋ" ಅಂದ್ರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹಳೇ ಕೆರೆಗಳ ಮಾತು ಬೇರೆ, ಈಚೆಗೆ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜು, ಚೆಕ್ ಡ್ಯಾಂ, ದಂಡೆ ಉದ್ದಕ್ಕೂ ಕೊರೆದ ಬೋರು ಇವೆಲ್ಲದರ ಮಾತು ಬೇರೆ ಅನ್ನೋದನ್ನ ನಾನು ಒಪ್ತೀನಿ. ಮೇಲಿನೋರು ಎಲ್ಲರೂ ಮುಗ್ಧರು ಅಂತ ಬರೆದ್ರೆ ಸುಳ್ಳಾಗುತ್ತೆ. ಆದ್ರೆ ಬೋರು ಕೊರೆದಿದ್ದು ಅವರಷ್ಟೇನಾ? ನಾನು ಆ ಬರದಲ್ಲಿ ನಾಲ್ಕು ಕೊರೆಸಿದೆ, ಮೂರು ಫೇಲು. ಹೊಳೆ ಮರಳು ಟ್ರ್ಯಾಕ್ಟರ್ ಟ್ರ್ಯಾಕ್ಟರ್ ಹೋಗಿದ್ದು ನಮ್ಮ ಊರ ಮುಂದಿನಿಂದಲೂ ಹೋಯ್ತು.

ಇನ್ನೊಂದು ವಿಷಯ ನಾನು ಮಾವನಿಗೆ ವಾಪಸ್ ಬರ್ತಾ ಹೇಳಿದೆ, ನಿಮಗೂ ಹೇಳ್ತೀನಿ. ವೇದಾವತಿ ನಮ್ಮ ಹತ್ತಿರ ಮುಗಿಯೋದಿಲ್ಲ. ಹಿರಿಯೂರು, ಪರಶುರಾಂಪುರ ದಾಟಿ ಆಂಧ್ರದ ರಾಯದುರ್ಗದ ಕಡೆಗೆ ಹೋಗಿ, ಹಗರಿ ಅಂತ ಹೆಸರು ಬದಲಾಯಿಸ್ಕೊಂಡು, ಬಳ್ಳಾರಿ ಜಿಲ್ಲೇಲಿ ತುಂಗಭದ್ರೆ ಸೇರುತ್ತೆ. ಆಗ ಆ ಭಾಗ ಮದರಾಸು ಪ್ರಾಂತ್ಯ. ಮೈಸೂರಿನೋರು ಮೇಲೆ ಕಟ್ಟೆ ಕಟ್ಟಿದ್ರೆ ನಮ್ಮ ಕೆರೆಗಳಿಗೆ ನೀರು ಎಲ್ಲಿಂದ ಅಂತ ಮದರಾಸು ತಕರಾರು. 1892ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದ ಆಯ್ತು. ಕಾವೇರಿ ಜಗಳದಲ್ಲಿ ಪದೇ ಪದೇ ಕೇಳ್ತೀವಲ್ಲ, ಅದೇ 1892ರ ಒಪ್ಪಂದ. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದ ನದಿಗಳ ಪಟ್ಟೀಲಿ ನಮ್ಮ ವೇದಾವತಿ ಹೆಸರೂ ಇದೆ. ಅಂದ್ರೆ ಕಟ್ಟೆ ಏಳೋದಕ್ಕೆ ಮುಂಚೆಯೇ ಕೆಳಗಿನ ಸೀಮೆಯೋರ ಕಣ್ಣಲ್ಲಿ ನಾವೇ 'ಮೇಲಿನೋರು' ಆಗಿದ್ವಿ. ಈಗ ಗಡಿ ಆಚೆ ಭೈರವಾನಿತಿಪ್ಪ ಅಂತ ಒಂದು ಡ್ಯಾಂ ಇದೆ, ಇದೇ ಹೊಳೆಗೆ ಕಟ್ಟಿದ್ದು. ಅದು ತುಂಬೋದೇ ಅಪರೂಪ. ಅಲ್ಲಿ ಯಾವನೋ ಒಬ್ಬ ಮಾವ ಯಾವನೋ ಅಳಿಯನಿಗೆ ತೆಲುಗಿನಲ್ಲಿ ನಮ್ಮನ್ನ ಬೈತಾ ಇರ್ತಾನೆ.

ಮಾವ ಇದಕ್ಕೆ ಮಾತ್ರ ನಕ್ಕರು.

ಆಮೇಲೆ ಗಾಡೀಲಿ ಅಡಿಕೆ ಮಾತು ಬಂತು. ನನ್ನ ಅಭಿಪ್ರಾಯ ಇಲ್ಲಿ ನೇರವಾಗಿ ಬರೀತೀನಿ, ಬೈಯೋರು ಬೈರಿ. ಅಡಿಕೆ ಫಸಲಿಗೆ ಬರೋಕೆ ಐದರಿಂದ ಏಳು ವರ್ಷ, ಆಮೇಲೆ ನಲವತ್ತು ವರ್ಷ ಅದನ್ನ ಸಾಕಬೇಕು. ಬೇಸಿಗೇಲಿ ಒಂದು ತಿಂಗಳು ನೀರು ತಪ್ಪಿದ್ರೂ ಅದು ಕ್ಷಮಿಸೋದಿ‌ಲ್ಲ. ನಾವು 2022ನ್ನೂ 2025ನ್ನೂ ನೋಡಿ ಗುಂಡಿ ತೋಡ್ತಿದೀವಿ. ಕಣಿವೆಯ ಇತಿಹಾಸ ಆ ಎರಡು ವರ್ಷ ಅಲ್ಲ, ಮಧ್ಯದ 89 ವರ್ಷ. ಮೇಲಿನ ಕೆರೆಗಳು ಮೊದಲು ಕುಡಿಯೋದು ಮುಂದೂ ನಡಿಯುತ್ತೆ, ಅದು ಅವರ ಹಕ್ಕು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗೆ ಕುಡಿಯೋ ನೀರೂ ಇದೇ ಕಣಿವೆಯಿಂದ ಹೋಗುತ್ತೆ, ಬರ ಬಂದ್ರೆ ಮೊದಲ ಪಾಲು ಅವರಿಗೆ. ಉಳಿದಿದ್ದು ನಾಲೆಗೆ. ಆಮೇಲೆ ಭದ್ರಾ. ಅದೂ ಬೇರೆಯೋರ ಕೈಲಿರೋ ಸ್ವಿಚ್ಚು. ನಮ್ಮ ಅಜ್ಜಂದಿರು ಈ ನಾಲೆ ಕೆಳಗೆ ಭತ್ತ ಹಾಕಿದ್ರು, ಕಬ್ಬು ಹಾಕಿದ್ರು, ಸಕ್ಕರೆ ಕಾರ್ಖಾನೆ ಬಂತು, ಮುಚ್ಚಿತು. ಆದ್ರೆ ಕಬ್ಬು ಕೈ ಕೊಟ್ರೆ ಒಂದು ವರ್ಷ ಹೋಗುತ್ತೆ, ಮುಂದಿನ ವರ್ಷ ರಾಗಿ ಚೆಲ್ಲಬಹುದು. ತೋಟ ಹೋದ್ರೆ ಒಂದು ತಲೆಮಾರು ಹೋಗುತ್ತೆ. ತೆಂಗಿನಲ್ಲಿ ಅದನ್ನ ನೋಡಿದೀವಿ.

ಅಡಿಕೆ ಹಾಕಲೇಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ಮನೆ ಹಿಂದೆ ಅರ್ಧ ಎಕರೆ ಹಾಕಿದೀನಿ, ಡ್ರಿಪ್ ಮಾಡಿದೀನಿ, ಉಳಿದಿರೋ ಒಂದು ಬೋರಿನ ಬೇಸಿಗೆ ನೀರು ಅಳೆದು ಅಷ್ಟಕ್ಕೇ ಹಾಕಿದೀನಿ. ನಾಲೆ ನೀರನ್ನ ಲೆಕ್ಕಕ್ಕೆ ಹಿಡಿದಿಲ್ಲ, ಬಂದ್ರೆ ಲಾಭ ಅಂತ ಇಟ್ಕೊಂಡಿದೀನಿ. ಮಾವನಿಗೂ ಅದನ್ನೇ ಹೇಳಿದೆ. "ನಿನ್ ಬೋರು ನಿನಗೆ, ನಂದು ಎಲ್ಲೈತೆ?" ಅಂದ್ರು. ಸರಿಯಾದ ಮಾತೇ. ಅವರ ಹತ್ತಿರ ನಾಲೆ ಬಿಟ್ರೆ ಬೇರೆ ನೀರಿಲ್ಲ. ಹಂಗಾದ್ರೆ ಬಡ ರೈತ ತೋಟನೇ ಮಾಡಬಾರದಾ ಅಂತ ಕೇಳಿದ್ರೆ ನಾನು ಏನು ಹೇಳ್ಲಿ? ಬೀರೂರಿಂದ ಹೊಸದುರ್ಗದ ತನಕ ಇದೇ ವಾದ ನಡೀತು, ಗೆದ್ದೋರು ಯಾರೂ ಇಲ್ಲ.

ನರ್ಸರಿ ಮುಟ್ಟಿದಾಗ ಆರೂವರೆ. ಮಾಲೀಕರು ಮದುವೆಯಿಂದ ಬಂದು ಸಸಿಗೆ ನೀರು ಹಾಯಿಸ್ತಿದ್ರು. ಮಾವ ಸಾಲು ಸಾಲು ನೋಡಿದ್ರು, ಒಂದೆರಡು ಚೀಲ ಎತ್ತಿ ಬೇರು ಹೊರಗೆ ಬಂದಿದೆಯಾ ನೋಡಿದ್ರು, ರೇಟು ಕೇಳಿದ್ರು, ಚೌಕಾಸಿ ಮಾಡಿದ್ರು. ಕೊನೆಗೆ 200 ಸಾಕು ಅಂದ್ರು. ಮಾಲೀಕರಿಗೆ ಬೇಜಾರು, ಫೋನಲ್ಲಿ 600 ಅಂದಿದ್ರಲ್ಲ ಸ್ವಾಮಿ ಅಂದ್ರು. "ಉಳಿದಿದ್ದು ಮುಂದಿನ ವರ್ಷ ನೋಡಾಣ, ಕಣಿವೇಲಿ ಎಷ್ಟು ಅಡಿ ಇರ್ತೈತೆ ನೋಡ್ಕಂಡು" ಅಂತ ದುಡ್ಡು ಎಣಿಸಿ ಕೊಟ್ರು. ಉಳಿದ ಜಾಗದಲ್ಲಿ ಏನು ಹಾಕ್ತೀರಿ ಅಂತ ನಾನು ಕೇಳಿದ್ದಕ್ಕೆ, "ಸುಮ್ನೆ ಗಾಡಿ ಓಡ್ಸು" ಅಂದ್ರು. ಮುಂಗಾರಿಗೆ ರಾಗಿನೂ ಸಾಲಲ್ಲಿ ತೊಗರಿನೂ ಹಾಕಿದ್ರು.

ಹೋಗಬೇಕು ಅನ್ನೋರಿಗೆ: ಕಡೂರು–ಚಿಕ್ಕಮಗಳೂರು ರಸ್ತೇಲಿ ಸಖರಾಯಪಟ್ಟಣಕ್ಕೆ ಇಳೀರಿ, ಅಲ್ಲಿಂದ ಅಯ್ಯನಕೆರೆ ಹತ್ತಿರ, ದಾರಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಬುತ್ತಿ ಕಟ್ಕೊಂಡು ಹೋಗಿ. ನೀರಿಗೆ ಇಳಿಬೇಡಿ, ಆಳ ಇದೆ. ಏರಿ ಮೇಲೆ ದನ ಕಾಯೋ ಆ ಹಿರಿಯರು ಸಿಕ್ಕಿದ್ರೆ ಹಿರಿಯೂರಿನ ನೀರುಗಂಟಿ ಕೇಳಿದ್ರು ಅಂತ ಹೇಳಿ.